ಊರಿನಲ್ಲೊಂದು ಶಾಂತಿ ನಡಿಗೆ: ಠಾಣೆಯ ಅರ್ಜಿಯಿಂದ ಕೊನೆಯ ರಸೀದಿಯವರೆಗೆ

ಯುದ್ಧಕ್ಕೆ ಸಿಲುಕಿ ಸಾಯುತ್ತಿರುವ ಜನಸಾಮಾನ್ಯರಿಗಾಗಿ ನಮ್ಮ ಊರಿನಲ್ಲೂ ಒಂದು ನಡಿಗೆ ಮಾಡಬೇಕೆಂದಿದ್ದೇವೆ, ಅದಕ್ಕೆ ಅನುಮತಿ ಬೇಕೆ, ಯಾರಿಗೆ ಅರ್ಜಿ ಕೊಡಬೇಕು, ಬ್ಯಾನರಿನ ಮೇಲೆ ಏನು ಬರೆದರೆ ತೊಂದರೆಯಾಗುವುದಿಲ್ಲ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಕರ್ನಾಟಕದ ಪಟ್ಟಣ ಅಥವಾ ನಗರದಲ್ಲಿ ನೂರರಿಂದ ಇನ್ನೂರು ಜನ ಸೇರಿ ಎರಡು-ಮೂರು ಕಿಲೋಮೀಟರ್ ನಡೆಯುವ ಸಣ್ಣ ಕಾರ್ಯಕ್ರಮಕ್ಕೆ ಅನ್ವಯಿಸುತ್ತದೆ. ಸಾವಿರಾರು ಜನರ ಮೆರವಣಿಗೆಗೆ ಬೇಕಾದ ವ್ಯವಸ್ಥೆಯೇ ಬೇರೆ; ಅದನ್ನು ಇಲ್ಲಿ ಮುಟ್ಟಿಲ್ಲ.

ಎಲ್ಲೋ ನಡೆಯುವ ಯುದ್ಧಕ್ಕೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೆಚ್ಚಾಗಿ ಈ ಪ್ರಶ್ನೆ ಮೊದಲು ಬರುವುದು ಪೊಲೀಸ್ ಠಾಣೆಯಲ್ಲಿ. ಉತ್ತರ ಸಿದ್ಧವಿರಲಿ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ಆಹಾರ ತರಲೆಂದು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಶೆಲ್ ದಾಳಿಗೆ ಬಲಿಯಾದರು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿ-ಪಿಕ್ಕಿ ಸಮುದಾಯದವರು ಎಲ್ ಫಾಶರ್‌ನಂಥ ಊರುಗಳಲ್ಲಿ ಸಿಕ್ಕಿಬಿದ್ದರು; ‘ಆಪರೇಷನ್ ಕಾವೇರಿ’ಯ ಮೂಲಕ ಅವರನ್ನು ಕರೆತರಬೇಕಾಯಿತು. 2025ರ ಮೇ ತಿಂಗಳಲ್ಲಿ ಪೂಂಛ್ ಮೇಲೆ ಪಾಕಿಸ್ತಾನದ ಕಡೆಯಿಂದ ನಡೆದ ಶೆಲ್ ದಾಳಿಯಲ್ಲಿ ಸತ್ತವರಲ್ಲಿ ಮಕ್ಕಳೂ ಇದ್ದರು.

ಆರಂಭಿಸುವ ಮುನ್ನ ನಿಮ್ಮ ಕೈಯಲ್ಲಿ ಇರಬೇಕಾದವು ಹೆಚ್ಚಿಲ್ಲ: ಹೊಣೆ ಹೊರಲು ಸಿದ್ಧರಿರುವ ಐದಾರು ಜನ, ಕನಿಷ್ಠ ನಾಲ್ಕು ವಾರಗಳ ಸಮಯ, ಮತ್ತು ಬಟ್ಟೆ, ನೀರು, ಜೆರಾಕ್ಸ್ ಇವುಗಳಿಗೆ ಸಾಕಾಗುವಷ್ಟು ಸ್ವಂತ ಹಣ. ನೋಂದಾಯಿತ ಸಂಘವೊಂದು ಜೊತೆಗಿದ್ದರೆ ಕಚೇರಿ ಕೆಲಸ ಸುಲಭವಾಗುತ್ತದೆ, ಆದರೆ ಅದು ಕಡ್ಡಾಯವಲ್ಲ.

1. ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಬಹುತೇಕ ನಡಿಗೆಗಳು ಹದಗೆಡುವುದು ರಸ್ತೆಯಲ್ಲಲ್ಲ, ಮೊದಲ ಸಭೆಯಲ್ಲಿ. ಒಬ್ಬರಿಗೆ ಗಾಜಾದ ಬಗ್ಗೆ ನಡೆಯಬೇಕೆಂದಿರುತ್ತದೆ, ಇನ್ನೊಬ್ಬರಿಗೆ ಉಕ್ರೇನಿನ ಬಗ್ಗೆ, ಮತ್ತೊಬ್ಬರಿಗೆ ಅಣ್ವಸ್ತ್ರದ ಬಗ್ಗೆ, ಮೂಲೆಯಲ್ಲಿ ಕುಳಿತವರಿಗೆ ಸ್ಥಳೀಯ ಶಾಸಕರ ಬಗ್ಗೆ. ಈ ಗೊಂದಲವನ್ನು ಬಗೆಹರಿಸದೆ ಮುಂದೆ ಹೋದರೆ ಅರ್ಜಿಯಲ್ಲಿ ಒಂದು, ಬ್ಯಾನರಿನಲ್ಲಿ ಇನ್ನೊಂದು, ಭಾಷಣದಲ್ಲಿ ಮತ್ತೊಂದು ಆಗಿ, ಅನುಮತಿ ಕೊಟ್ಟ ಅಧಿಕಾರಿಗೂ ಜೊತೆಗೆ ನಡೆದವರಿಗೂ ಮೋಸ ಮಾಡಿದಂತಾಗುತ್ತದೆ.

ನಾನು ಸೂಚಿಸುವ ಮಾದರಿ ಹೀಗಿದೆ: ‘ಯಾವುದೇ ದೇಶದ ಯುದ್ಧದಲ್ಲಿ ಆಯುಧ ಹಿಡಿಯದ ಜನರಿಗೆ ಆಗುತ್ತಿರುವ ಹಾನಿ ನಿಲ್ಲಬೇಕೆಂದು ಕೇಳಲು, ಸತ್ತವರನ್ನು ನೆನೆಯಲು ನಡೆಯುತ್ತಿದ್ದೇವೆ.’ ಒಂದು ನಿರ್ದಿಷ್ಟ ಯುದ್ಧದ ಬಗ್ಗೆಯೇ ನಡೆಯುವುದಾದರೆ ಅದರ ಹೆಸರನ್ನು ಮುಚ್ಚಿಡದೆ ಅರ್ಜಿಯಲ್ಲೇ ಬರೆಯಿರಿ. ಅದು ನಿಮ್ಮ ಹಕ್ಕು. ಆದರೆ ಆಗಲೂ ಎರಡೂ ಬದಿಯ ಜನಸಾಮಾನ್ಯರ ಸಾವನ್ನು ಒಂದೇ ತಕ್ಕಡಿಯಲ್ಲಿ ತೂಗುವ ಎದೆಗಾರಿಕೆ ಇಲ್ಲದಿದ್ದರೆ ಅದನ್ನು ಶಾಂತಿ ನಡಿಗೆ ಎಂದು ಕರೆಯಬಾರದು ಎಂಬುದು ನನ್ನ ನಿಲುವು. ಅದಕ್ಕೆ ಪ್ರತಿಭಟನೆ ಎಂಬ ಗೌರವದ ಹೆಸರು ಇದ್ದೇ ಇದೆ.

ಪದಗಳ ಬಗ್ಗೆ ಒಂದು ಮಾತು. ಪತ್ರಿಕೆಗಳು ಬಳಸುವ ‘ನಾಗರಿಕರು’ ಎಂಬ ಪದಕ್ಕೆ ಕನ್ನಡದಲ್ಲಿ ದೇಶದ ಪ್ರಜೆ ಎಂಬ ಅರ್ಥವೂ ಇರುವುದರಿಂದ ರಸ್ತೆ ಬದಿಯಲ್ಲಿ ನಿಂತು ಓದುವವರಿಗೆ ಗೊಂದಲವಾಗುತ್ತದೆ. ಯುದ್ಧದ ಕಾನೂನಿನಲ್ಲಿ ಈ ಪದದ ಅರ್ಥ ಸೇನೆಗೆ ಸೇರದ, ಕಾದಾಟದಲ್ಲಿ ಪಾಲ್ಗೊಳ್ಳದ ಜನ ಎಂದಷ್ಟೇ. ‘ಜನಸಾಮಾನ್ಯರು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಅಮಾಯಕರು’ ಎಂಬುದನ್ನು ನಾನು ಬಳಸುವುದಿಲ್ಲ. ಬದುಕಲು ಹಕ್ಕಿರಬೇಕಾದರೆ ಅಮಾಯಕರಾಗಿರಬೇಕೆಂಬ ಷರತ್ತು ಅದರೊಳಗೆ ಅಡಗಿದೆ.

2. ದಿನ ಮತ್ತು ಹೊತ್ತು

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಶಾಂತಿ ದಿನ ಸೆಪ್ಟೆಂಬರ್ 21. ಆದರೆ ನಮ್ಮಲ್ಲಿ ಅನೇಕ ವರ್ಷ ಅದು ಗಣೇಶ ವಿಸರ್ಜನೆಯ ಆಸುಪಾಸಿನಲ್ಲೇ ಬರುವುದರಿಂದ ಪೊಲೀಸರೆಲ್ಲ ಬಂದೋಬಸ್ತಿನಲ್ಲಿರುತ್ತಾರೆ, ನಿಮ್ಮ ಅರ್ಜಿ ಮೇಜಿನ ಮೇಲೆ ಕುಳಿತಿರುತ್ತದೆ. ಹಿರೋಷಿಮಾ ದಿನವಾದ ಆಗಸ್ಟ್ 6ಕ್ಕೆ ಕರಾವಳಿ, ಮಲೆನಾಡುಗಳಲ್ಲಿ ಮಳೆ ಬಿಡುವುದಿಲ್ಲ. ಆಕ್ರಮಣಕ್ಕೆ ಬಲಿಯಾದ ಮಕ್ಕಳ ದಿನವೆಂದು ವಿಶ್ವಸಂಸ್ಥೆ 1982ರಲ್ಲಿ ಘೋಷಿಸಿದ ಜೂನ್ 4 ಅರ್ಥಪೂರ್ಣವಾದರೂ ಆಗ ಶಾಲೆಗಳು ಪುನರಾರಂಭದ ಗಡಿಬಿಡಿಯಲ್ಲಿರುತ್ತವೆ. ನನ್ನ ಆಯ್ಕೆ ಜನವರಿ 30. ಹವೆ ತಂಪಾಗಿರುತ್ತದೆ, ಗಾಂಧೀಜಿ ಹತ್ಯೆಯ ದಿನವಾದ್ದರಿಂದ ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷ ಮೌನ ಆಚರಿಸುವ ಪದ್ಧತಿ ಮೊದಲೇ ಇದೆ. ನಡಿಗೆಯನ್ನು ಆ ಮೌನಕ್ಕೆ ಮುಗಿಯುವಂತೆ ಹೊಂದಿಸಬಹುದು. ಬೇರೆ ದಿನವಾದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟು ಎಂಟೂವರೆಯೊಳಗೆ ಮುಗಿಸಿ.

ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ದಿನ ಗೊತ್ತುಮಾಡಬೇಡಿ. ರಾಜಕೀಯವಲ್ಲದ ಕಾರ್ಯಕ್ರಮಕ್ಕೂ ಆಗ ಚುನಾವಣಾಧಿಕಾರಿಗಳ ಕಚೇರಿಗೆ ಅಲೆಯಬೇಕಾಗುತ್ತದೆ.

3. ದಾರಿಯನ್ನು ನೀವೇ ನಡೆದು ಅಳೆಯಿರಿ

ನಕಾಶೆ ನೋಡಿ ದಾರಿ ಗೊತ್ತುಮಾಡಬೇಡಿ. ನಡಿಗೆ ನಡೆಯುವ ವಾರದ ದಿನದಂದೇ, ಅದೇ ಹೊತ್ತಿನಲ್ಲಿ, ಮೊಣಕಾಲು ನೋವಿರುವ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಒಮ್ಮೆ ನಡೆಯಿರಿ. ಗುಂಪು ಗಂಟೆಗೆ ಮೂರು ಕಿಲೋಮೀಟರಿಗಿಂತ ವೇಗವಾಗಿ ಹೋಗುವುದಿಲ್ಲ. ಇಬ್ಬರಿಬ್ಬರಂತೆ ಸಾಲಾಗಿ ನಡೆದರೆ ನೂರೈವತ್ತು ಜನರ ಸಾಲು ಸುಮಾರು ನೂರು ಮೀಟರ್ ಉದ್ದವಾಗುತ್ತದೆ, ಅಂದರೆ ತಲೆ ಸಿಗ್ನಲ್ ದಾಟಿದಾಗ ಬಾಲ ಹಿಂದಿನ ವೃತ್ತದಲ್ಲೇ ಇರುತ್ತದೆ. ಆದ್ದರಿಂದ ದೊಡ್ಡ ವೃತ್ತಗಳನ್ನು ದಾಟುವ ದಾರಿಗಿಂತ ರಸ್ತೆಯ ಒಂದೇ ಬದಿಯಲ್ಲಿ ಸಾಗುವ ದಾರಿ ಮೇಲು.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಲಾಗುತ್ತದೆ. ಅಲ್ಲಿ ಘೋಷಣೆಯೂ ಬೇಡ. ಪೂಜಾಸ್ಥಳಗಳ ಮುಂದೆ ಪ್ರಾರ್ಥನೆಯ ಹೊತ್ತಿನಲ್ಲಿ ಹಾದುಹೋಗುವುದನ್ನೂ ತಪ್ಪಿಸಿ. ಕೊನೆಯ ತಾಣ ಉದ್ಯಾನ ಅಥವಾ ಮೈದಾನವಾದರೆ ನಗರಸಭೆ, ಪುರಸಭೆ ಅಥವಾ ಅದರ ಮಾಲೀಕರಿಂದ ಪ್ರತ್ಯೇಕ ಅನುಮತಿ ಬೇಕು. ರಸ್ತೆಗೆ ಪೊಲೀಸರು ಕೊಟ್ಟ ಅನುಮತಿ ಉದ್ಯಾನದ ಗೇಟು ತೆರೆಸುವುದಿಲ್ಲ.

4. ಅರ್ಜಿ, ಸ್ವೀಕೃತಿ, ಹಿಂಬರಹ

ಹೆಚ್ಚು ಪ್ರಶ್ನೆಗಳು ಬರುವುದು ಈ ಹಂತದ ಬಗ್ಗೆ. ಸಂವಿಧಾನದ 19(1)(ಬಿ) ವಿಧಿಯು ಶಸ್ತ್ರವಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕನ್ನು ನಾಗರಿಕರಿಗೆ ಕೊಡುತ್ತದೆ. 19(3)ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆಗಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹಾಕಲು ಅವಕಾಶ ನೀಡುತ್ತದೆ. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸಾರ್ವಜನಿಕ ರಸ್ತೆಯಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿಯಾಗಿ ಇಲ್ಲವೆನ್ನಲಾಗದು. ಆದುದರಿಂದ ಅರ್ಜಿ ಬರೆಯುವಾಗ ಬೇಡುವ ಧಾಟಿಯೂ ಬೇಡ, ಜಗಳದ ಧಾಟಿಯೂ ಬೇಡ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿ ಪೊಲೀಸ್ ಕಮಿಷನರೇಟ್ ಇರುವುದರಿಂದ ಅರ್ಜಿಯನ್ನು ಕಮಿಷನರ್ ಅವರಿಗೆ ಬರೆದು, ನಡಿಗೆ ಹೊರಡುವ ಜಾಗದ ಠಾಣೆಯ ಮೂಲಕ ಸಲ್ಲಿಸಿ. ಉಳಿದ ಊರುಗಳಲ್ಲಿ ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಉಪವಿಭಾಗದ ಡಿವೈಎಸ್‌ಪಿ ಅವರಿಗೆ ಬರೆದು, ತಹಶೀಲ್ದಾರರಿಗೆ ಒಂದು ಪ್ರತಿ ಕೊಡಿ. ದಾರಿ ಎರಡು ಠಾಣೆಗಳ ಸರಹದ್ದಿನಲ್ಲಿ ಹಾದುಹೋದರೆ ಎರಡೂ ಕಡೆ ಕೊಡಬೇಕು. ಇದನ್ನು ಮರೆತು ಅರ್ಧ ದಾರಿಯಲ್ಲಿ ತಡೆಸಿಕೊಂಡವರನ್ನು ನೋಡಿದ್ದೇನೆ. ಸಂಚಾರ ಠಾಣೆಗೂ ಒಂದು ಪ್ರತಿ ಹೋಗಲಿ.

ಅರ್ಜಿಯಲ್ಲಿ ಉದ್ದೇಶದ ಆ ಒಂದು ವಾಕ್ಯ, ದಿನ, ಹೊರಡುವ ಮತ್ತು ಮುಗಿಯುವ ಹೊತ್ತು, ರಸ್ತೆಗಳ ಹೆಸರಿನ ಸಮೇತ ದಾರಿ, ನಿರೀಕ್ಷಿತ ಜನಸಂಖ್ಯೆ, ಹೊಣೆಗಾರರ ಹೆಸರು-ಮೊಬೈಲ್ ಸಂಖ್ಯೆ ಇರಬೇಕು. ಗುರುತಿನ ಚೀಟಿಯ ಪ್ರತಿ ಲಗತ್ತಿಸಬೇಕು. ಜನಸಂಖ್ಯೆಯನ್ನು ಉಬ್ಬಿಸಬೇಡಿ. ಐನೂರು ಎಂದು ಬರೆದರೆ ಅಷ್ಟಕ್ಕೆ ತಕ್ಕ ಬಂದೋಬಸ್ತು ಬೇಕೆಂದು ಅರ್ಜಿ ಮೇಲಿನವರೆಗೆ ಹೋಗುತ್ತದೆ. ನೂರೈವತ್ತು ಎಂದರೆ ಠಾಣೆಯಲ್ಲೇ ತೀರ್ಮಾನವಾಗುವ ಸಾಧ್ಯತೆ ಹೆಚ್ಚು. ಕಾರ್ಯಕ್ರಮ ಶಾಂತಿಯುತವಾಗಿ ನಡೆಯುತ್ತದೆಂಬ ಮುಚ್ಚಳಿಕೆಯನ್ನು, ಎಂದರೆ ಬರಹದ ವಾಗ್ದಾನವನ್ನು, ಕೇಳಿದರೆ ಓದಿ ಸಹಿ ಮಾಡಿ. ಅದಕ್ಕೆ ಸಹಿ ಮಾಡಿದವರೇ ಮುಂದೆ ಉತ್ತರದಾಯಿಗಳು ಎಂಬುದನ್ನು ಮನೆಯವರಿಗೂ ತಿಳಿಸಿ.

ಕನಿಷ್ಠ ಹದಿನೈದು ದಿನ ಮೊದಲು ಅರ್ಜಿ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ ಮತ್ತು ಟಪಾಲಿನ ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ಇದೇ ಸ್ವೀಕೃತಿ. ‘ಹೋಗಿ ಬನ್ನಿ, ಏನೂ ತೊಂದರೆ ಇಲ್ಲ’ ಎಂಬ ಬಾಯಿಮಾತಿನ ಅನುಮತಿ ಎಂದಿಗೂ ಸಾಲದು, ಏಕೆಂದರೆ ಆ ದಿನ ಪಾಳಿಯಲ್ಲಿ ಇರುವವರು ಬೇರೆಯವರು. ನಿರಾಕರಿಸಿದರೆ ಕಾರಣವನ್ನು ಹಿಂಬರಹದಲ್ಲಿ, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರದಲ್ಲಿ, ಕೇಳಿ ಪಡೆಯಿರಿ. ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ವಕೀಲರು ಮೊದಲು ಕೇಳುವ ಕಾಗದ ಅದೇ.

ನಿಷೇಧಾಜ್ಞೆ ಎಂಬುದು ಹಿಂದೆ 144ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದದ್ದು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅದು ಜಾರಿಯಲ್ಲಿದ್ದರೆ ನಡಿಗೆಯನ್ನು ಮುಂದೂಡಿ. ಅಂಥ ಆಜ್ಞೆಗಳೆಲ್ಲ ಸರಿಯಾಗಿರುತ್ತವೆ ಎಂದಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ಆಜ್ಞೆ ಕಾನೂನುಬಾಹಿರವೆಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು. ಆದರೆ ಅದನ್ನು ಪ್ರಶ್ನಿಸುವ ಜಾಗ ನ್ಯಾಯಾಲಯ. ಮಕ್ಕಳನ್ನೂ ಹಿರಿಯರನ್ನೂ ಕಟ್ಟಿಕೊಂಡು ಹೊರಟ ಗುಂಪು ಅದಕ್ಕೆ ತಕ್ಕುದಲ್ಲ.

ಬೆಂಗಳೂರಿನವರಿಗೆ ವಿಶೇಷ ಎಚ್ಚರಿಕೆ. ನಗರದ ಪ್ರತಿಭಟನೆಗಳ ನಿಯಂತ್ರಣಕ್ಕೆ 2021ರಲ್ಲಿ ಮಾಡಿದ ಆದೇಶದ ಪ್ರಕಾರ ಧರಣಿ, ಪ್ರತಿಭಟನೆ, ಪ್ರತಿಭಟನಾ ಮೆರವಣಿಗೆಗಳಿಗೆ ಜಾಗ ಫ್ರೀಡಂ ಪಾರ್ಕ್, ಅಂದರೆ ಉದ್ಯಾನವಾಗಿ ಬದಲಾದ ಹಳೆಯ ಸೆಂಟ್ರಲ್ ಜೈಲು, ಮಾತ್ರ. ನಮ್ಮದು ಪ್ರತಿಭಟನೆಯಲ್ಲ, ಮೌನ ನಡಿಗೆ ಎಂದು ನೀವು ವಾದಿಸಬಹುದು, ಆದರೆ ಅಂದು ತೀರ್ಮಾನಿಸುವವರು ಸ್ಥಳದಲ್ಲಿರುವ ಅಧಿಕಾರಿ. ಹಾಗಾಗಿ ಒಂದೋ ಫ್ರೀಡಂ ಪಾರ್ಕಿನಲ್ಲೇ ಸೇರಿ, ಇಲ್ಲವೇ ಕಾಲೇಜು ಆವರಣ, ಚರ್ಚಿನ ಅಂಗಳ, ಬಡಾವಣೆಯ ಸಂಘದ ಜಾಗದಂಥ ಖಾಸಗಿ ಸ್ಥಳದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಒಳಗೇ ಸುತ್ತು ನಡೆಯಿರಿ. ಹಳೆಯ ಸೆಂಟ್ರಲ್ ಜೈಲಿನ ಗೋಡೆಗಳ ನಡುವೆ ಶಾಂತಿಗಾಗಿ ನಡೆಯುವುದರಲ್ಲಿ ತನ್ನದೇ ಒಂದು ತೂಕವಿದೆ, ಅದೇನೂ ಕಡಿಮೆಯಲ್ಲ.

5. ಬ್ಯಾನರು, ಚಿಹ್ನೆ, ಬಾವುಟ

ಫ್ಲೆಕ್ಸ್ ಬೇಡ, ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧವಿದೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಬೋರ್ಡ್ ಬರೆಯುವ ಕಲಾವಿದರಿಂದ ಬರೆಸಿ, ಅವರಿಗೆ ಕೂಲಿ ಕೊಡಿ. ಕೈಫಲಕಗಳಿಗೆ ರಟ್ಟು ಸಾಕು. ಮರದ ಕೋಲಿಗೆ ಕಟ್ಟಿದ ಫಲಕವನ್ನು ಪೊಲೀಸರು ಆಯುಧವೆಂದು ಕಾಣುವ ಸಾಧ್ಯತೆ ಇರುವುದರಿಂದ ಫಲಕವನ್ನು ಎದೆಯ ಮುಂದೆ ಕೈಯಲ್ಲೇ ಹಿಡಿಯಿರಿ.

ಚಿಹ್ನೆಯ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೆವು: ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಲು ಬ್ಯಾನರಿನ ನಡುವೆ ದೊಡ್ಡದಾಗಿ ಕೆಂಪು ಶಿಲುಬೆ ಬರೆಸಿದ್ದೆವು. ರೆಡ್‌ಕ್ರಾಸ್ ಚಿಹ್ನೆಯನ್ನು ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಿಷೇಧಿಸುತ್ತದೆ. ಯುದ್ಧಭೂಮಿಯಲ್ಲಿ ಆ ಗುರುತೇ ವೈದ್ಯರ ಜೀವ ಕಾಯುವ ಗುರಾಣಿಯಾದ್ದರಿಂದ ಅದು ಕಂಡಕಂಡಲ್ಲಿ ಕಾಣಿಸಿಕೊಳ್ಳಬಾರದೆಂಬುದು ಅದರ ತರ್ಕ. ವಿಶ್ವಸಂಸ್ಥೆಯ ಹೆಸರು ಮತ್ತು ಲಾಂಛನಕ್ಕೂ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ರಕ್ಷಣೆ ಇದೆ. ಬಿಳಿ ಪಾರಿವಾಳ, ಆಲಿವ್ ಕೊಂಬೆ, ಖಾಲಿ ಚಪ್ಪಲಿ, ಶಾಲೆಯ ಚೀಲ ಇವಕ್ಕೆ ಯಾರ ಅನುಮತಿಯೂ ಬೇಡ.

ಯಾವ ದೇಶದ ಬಾವುಟವನ್ನೂ ಹಿಡಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಬಾವುಟ ಕಂಡೊಡನೆ ನೋಡುವವರು ಪಕ್ಷ ಹುಡುಕುತ್ತಾರೆ, ಪತ್ರಿಕೆಯ ಚಿತ್ರದಲ್ಲೂ ಅದೊಂದೇ ಉಳಿಯುತ್ತದೆ. ‘ಆಸ್ಪತ್ರೆ ಗುರಿಯಲ್ಲ’, ‘ಅನ್ನದ ಸಾಲಿಗೆ ಗುಂಡಿಡಬೇಡಿ’ ಎಂಬಂಥ ಬರಹಗಳು ಸಾಕು. ಮೊದಲನೆಯದಕ್ಕೆ ಕಾನೂನಿನ ಬಲವೂ ಇದೆ: 1949ರ ಆಗಸ್ಟ್ 12ರ ನಾಲ್ಕನೇ ಜಿನೀವಾ ಒಪ್ಪಂದದ 18ನೇ ವಿಧಿ ಜನಸಾಮಾನ್ಯರ ಆಸ್ಪತ್ರೆಗಳ ಮೇಲೆ ದಾಳಿ ಮಾಡಬಾರದೆನ್ನುತ್ತದೆ, ಭಾರತವೂ ಆ ಒಪ್ಪಂದಕ್ಕೆ ಬದ್ಧವಾಗಿದೆ. ಯಾವುದೇ ಧರ್ಮ, ಜನಾಂಗದ ಹೆಸರೆತ್ತಿ ಜರೆಯುವ ಫಲಕವನ್ನು ಯಾರಾದರೂ ತಂದರೆ, ಎಷ್ಟೇ ಹಿರಿಯರಾಗಿರಲಿ, ಕೈಯಿಂದ ತೆಗೆದುಕೊಂಡು ಮಡಚಿಡಿ.

6. ಅಂಕಿಗಳು ಮತ್ತು ಚಿತ್ರಗಳು

ಸತ್ತವರ ಸಂಖ್ಯೆಯನ್ನು ಫಲಕದ ಮೇಲೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಬರೆಯುವುದಾದರೆ ಅದು ಯಾವ ಬಗೆಯ ಸಂಖ್ಯೆ ಎಂದು ತಿಳಿದು ಬರೆಯಿರಿ. ಉಕ್ರೇನಿನ ವಿಷಯದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಕೊಡುವುದು ಒಂದೊಂದಾಗಿ ಪರಿಶೀಲಿಸಿದ ಜನಸಾಮಾನ್ಯರ ಸಾವುಗಳನ್ನು, ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರುತ್ತದೆಂದು ಆ ಕಚೇರಿಯೇ ಹೇಳುತ್ತದೆ. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಹೋರಾಟಗಾರರು, ಜನಸಾಮಾನ್ಯರು ಎಂಬ ವಿಂಗಡಣೆ ಇಲ್ಲ, ಆದರೆ ಮಕ್ಕಳು, ಮಹಿಳೆಯರ ಸಂಖ್ಯೆ ಬೇರೆಯಾಗಿ ಸಿಗುತ್ತದೆ. ಸುಡಾನಿನಲ್ಲಿ ಎಣಿಸುವವರೇ ತಲುಪಲಾಗದ ಊರುಗಳಿವೆ. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ಯಾರು, ಯಾವ ದಿನಾಂಕದವರೆಗೆ ಎಣಿಸಿದ್ದು ಎಂದು ಸಣ್ಣಕ್ಷರದಲ್ಲಿ ಬರೆಯಿರಿ. ಒಂದು ತಪ್ಪು ಸಂಖ್ಯೆ ಸಿಕ್ಕರೆ ನಿಮ್ಮನ್ನು ಹೀಯಾಳಿಸಲು ಕಾದಿರುವವರಿಗೆ ಅಷ್ಟೇ ಸಾಕು.

ರಕ್ತಸಿಕ್ತ ದೇಹಗಳ ಚಿತ್ರ ಬೇಡವೇ ಬೇಡ. ಆ ಮಗುವಿನ ತಾಯಿಯನ್ನು ಯಾರೂ ಕೇಳಿಲ್ಲ, ನಿಮ್ಮ ನಡಿಗೆಯಲ್ಲಿ ಬೇರೆ ಮಕ್ಕಳೂ ಇದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಮುದ್ರಿಸುವ ಮುನ್ನ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಬೇರೆ ಯುದ್ಧದ ಹಳೆಯ ಚಿತ್ರವೋ ಯಂತ್ರ ಸೃಷ್ಟಿಸಿದ್ದೋ ಆಗಿರುವುದು ಅಪರೂಪವಲ್ಲ.

7. ಯಾರು ನಡೆಯಬಾರದು

ಬೆಂಗಳೂರು, ಮೈಸೂರುಗಳಲ್ಲಿ ಸುಡಾನ್, ಯೆಮೆನ್, ಅಫ್ಗಾನಿಸ್ತಾನಗಳಿಂದ ಬಂದು ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ. ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕೆನಿಸುವುದು ಸಹಜ, ಆದರೆ ಹಾಗೆ ಮಾಡಬೇಡಿ. ಸಭೆ ಸೇರುವ ಹಕ್ಕನ್ನು ಸಂವಿಧಾನ ಕೊಟ್ಟಿರುವುದು ಭಾರತದ ನಾಗರಿಕರಿಗೆ. ವೀಸಾ ಮೇಲೆ ಇರುವವರಿಗೆ ಅದರ ಆಸರೆ ಇಲ್ಲ. 2019ರ ಕೊನೆ, 2020ರ ಆರಂಭದ ಪ್ರತಿಭಟನೆಗಳಲ್ಲಿ ಕಾಣಿಸಿಕೊಂಡ ಕೆಲವು ವಿದೇಶಿಯರಿಗೆ ದೇಶ ಬಿಡುವಂತೆ ಸೂಚಿಸಲಾಗಿತ್ತು. ಅವರ ಮಾತನ್ನು ಕಾಗದದ ಮೇಲೆ ಬರೆಸಿಕೊಂಡು, ಹೆಸರು ಹೇಳದೆ, ನಿಮ್ಮವರೊಬ್ಬರು ಕನ್ನಡದಲ್ಲಿ ಓದಲಿ.

ಸರ್ಕಾರಿ ನೌಕರರು ನಡತೆ ನಿಯಮಗಳನ್ನು ನೋಡಿಕೊಂಡು ತಾವೇ ತೀರ್ಮಾನಿಸಲಿ, ಒತ್ತಾಯಿಸಬೇಡಿ. ಶಾಲಾ ಮಕ್ಕಳು ಬರುವುದಾದರೆ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಬೇಕು, ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕು.

8. ಹಣ

1962ರಲ್ಲಿ ಅಣ್ವಸ್ತ್ರದ ವಿರುದ್ಧ ದೆಹಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್ ದಾರಿಯಾಗಿ ವಾಷಿಂಗ್ಟನ್‌ವರೆಗೆ ಹೋದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಜೇಬಿನಲ್ಲಿ ಕಾಸಿಲ್ಲದೆ ಹೊರಟಿದ್ದರು. ನಿಮ್ಮ ಮೂರು ಕಿಲೋಮೀಟರಿಗೂ ಹುಂಡಿ ಬೇಕಿಲ್ಲ. ನಡಿಗೆಯ ದಿನ ಡಬ್ಬಿ ಹಿಡಿದು ನಗದು ಸಂಗ್ರಹಿಸುವುದು, ಒಬ್ಬರ ಸ್ವಂತ ಯುಪಿಐ ಸಂಖ್ಯೆಗೆ ಹಣ ಹಾಕಿಸಿಕೊಳ್ಳುವುದು, ಆಮೇಲೆ ಅದನ್ನು ವಿದೇಶಕ್ಕೆ ಕಳಿಸುತ್ತೇವೆನ್ನುವುದು, ಇವು ಮೂರೂ ನಿಮ್ಮನ್ನು ತನಿಖೆಯ ಬಾಗಿಲಿಗೆ ಒಯ್ಯಬಲ್ಲವು.

ನೆರವು ನೀಡಬಯಸುವವರು ಭಾರತದಲ್ಲಿ ಕಚೇರಿ ಇರುವ ಯುನಿಸೆಫ್‌ನಂಥ ಸಂಸ್ಥೆಗೆ ತಾವೇ ನೇರವಾಗಿ ಕೊಡಲಿ; ನೀವು ವಿವರವನ್ನಷ್ಟೇ ಹಂಚಿ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಾದವರು ರಸೀದಿ ಪಡೆಯಬೇಕು, 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅದು ಸಿಗುವುದಿಲ್ಲ. ಹೊರದೇಶದ ಕನ್ನಡಿಗರು ನಿಮ್ಮ ಸಂಘಕ್ಕೆ ಹಣ ಕಳಿಸುತ್ತೇವೆಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ನೆನಪಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕಿನ ಮೂಲಕ ಕಳಿಸುವ ತಮ್ಮ ಉಳಿತಾಯ ವಿದೇಶಿ ವಂತಿಗೆಯಾಗುವುದಿಲ್ಲ. ಓಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಕಾನೂನಿನ ಕಣ್ಣಿಗೆ ವಿದೇಶಿಯರಾದ್ದರಿಂದ ಅವರ ಹಣ ಆಗುತ್ತದೆ. ಅವರು ನಿಮ್ಮ ಅಕ್ಕನ ಮಗನೇ ಆಗಿದ್ದರೂ ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ.

9. ಆ ದಿನ

ಇಪ್ಪತ್ತು ಜನರಿಗೆ ಒಬ್ಬರಂತೆ ಸ್ವಯಂಸೇವಕರು, ಎಲ್ಲರ ತೋಳಿಗೂ ಒಂದೇ ಬಣ್ಣದ ಪಟ್ಟಿ. ಅತಿ ಚುರುಕಾದವರನ್ನು ಸಾಲಿನ ತುದಿಯಲ್ಲಿಡಿ; ಹಿಂದುಳಿಯುವವರನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ. ಸ್ಟೀಲ್ ಡ್ರಮ್ಮಿನಲ್ಲಿ ನೀರು, ಓಆರ್‌ಎಸ್, ಒಂದು ಆಟೊ ಜೊತೆಗಿರಲಿ. ಆಂಬುಲೆನ್ಸ್ 108, ಪೊಲೀಸ್ ನೆರವು 112. ಅನುಮತಿ ಪತ್ರದ ಪ್ರತಿ ಕನಿಷ್ಠ ನಾಲ್ವರ ಕೈಯಲ್ಲಿರಬೇಕು.

ಧ್ವನಿವರ್ಧಕಕ್ಕೆ ಪ್ರತ್ಯೇಕ ಲಿಖಿತ ಅನುಮತಿ ಬೇಕು, ಕೈಯಲ್ಲಿ ಹಿಡಿಯುವ ಮೆಗಾಫೋನ್ ಆದರೂ ಅಷ್ಟೇ. ಅದನ್ನು ಬಿಟ್ಟೇಬಿಡಿ. ಮೌನವಾಗಿ ನಡೆಯುವ ನೂರು ಜನರನ್ನು ಅಂಗಡಿಯವರು ಹೊರಬಂದು ನೋಡುತ್ತಾರೆ. ಕೂಗುತ್ತ ಹೋದರೆ ಇದು ಯಾವ ಪಕ್ಷದ್ದು ಎಂದು ಕೇಳಿ ಒಳಗೆ ಹೋಗುತ್ತಾರೆ. ರಸ್ತೆ ಬದಿಯಿಂದ ಯಾರಾದರೂ ಕೆಣಕಿದರೆ ಉತ್ತರಿಸುವ ಹೊಣೆ ಗೊತ್ತುಮಾಡಿದ ಒಬ್ಬರದು ಮಾತ್ರ, ಉಳಿದವರು ನಿಲ್ಲದೆ ಸಾಗಬೇಕು. ಪೊಲೀಸರು ದಾರಿ ಬದಲಿಸಲು ಹೇಳಿದರೆ ಬದಲಿಸಿ. ಚದುರಲು ಹೇಳಿದರೆ ಹೇಳಿದ ಅಧಿಕಾರಿಯ ಹೆಸರು, ಹೊತ್ತು ಬರೆದುಕೊಂಡು ಚದುರಿ.

ಕೊನೆಯ ತಾಣದಲ್ಲಿ ಭಾಷಣಕ್ಕೆ ಬದಲು ಸತ್ತವರಲ್ಲಿ ಕೆಲವರ ವಯಸ್ಸು, ಊರು, ಕಸುಬುಗಳನ್ನು ಹತ್ತು ನಿಮಿಷ ಓದಿಸಿ, ಎರಡು ನಿಮಿಷ ಮೌನವಿರಲಿ. ವೇದಿಕೆ, ಹಾರ, ಅಧ್ಯಕ್ಷತೆ ಯಾವುದೂ ಬೇಡ. ಅಧ್ಯಕ್ಷರೆಂದು ಒಬ್ಬರಿದ್ದರೆ ಅವರು ಮಾತನಾಡದೆ ಬಿಡುವುದಿಲ್ಲ.

10. ಮುಗಿದ ಮೇಲೆ

ರಟ್ಟು, ಲೋಟ, ಹೂವುಗಳನ್ನು ಅರ್ಧ ಗಂಟೆಯೊಳಗೆ ಎತ್ತಿಸಿ. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪೋಷಕರನ್ನು ಕೇಳದೆ ಹಂಚಬೇಡಿ. ಬ್ಯಾನರ್ ಒಗೆದು ಮಡಚಿಡಿ, ಮತ್ತೆ ಬೇಕಾಗುತ್ತದೆ. ಎರಡು ದಿನದೊಳಗೆ ಖರ್ಚಿನ ಪಟ್ಟಿಯನ್ನು ರಸೀದಿಗಳೊಡನೆ ಹಣ ಕೊಟ್ಟವರಿಗೆಲ್ಲ ತೋರಿಸಿ, ಉಳಿದದ್ದನ್ನು ಹಿಂತಿರುಗಿಸಿ. ಠಾಣೆಗೆ ಹೋಗಿ, ಕಾರ್ಯಕ್ರಮ ಇಂಥ ಹೊತ್ತಿಗೆ ಮುಗಿಯಿತೆಂದು ಒಂದು ಪುಟದ ಪತ್ರ ಕೊಟ್ಟು ಅದಕ್ಕೂ ಸೀಲು ಹಾಕಿಸಿಕೊಳ್ಳಿ. ಮುಂದಿನ ವರ್ಷದ ಅರ್ಜಿಗೆ ಲಗತ್ತಿಸುವ ಮೊದಲ ಕಾಗದ ಅದೇ.